ಬ್ರೇಡಿನ ತುದಿಯ ಒಂದೂವರೆ ಅಡಿ

ವೈಟ್‌ಫೀಲ್ಡಿನಲ್ಲೋ ಎಲೆಕ್ಟ್ರಾನಿಕ್ ಸಿಟಿಯಲ್ಲೋ ವಾರವಿಡೀ ದುಡಿದು, ಶನಿವಾರ ಬೆಳಕು ಹರಿಯುವ ಮುಂಚೆ ಗಾಳದ ಕೋಲು ಹೊತ್ತು ಹೊರಡುವ ಯಾರನ್ನೇ ಕೇಳಿ, ಒಂದು ಮಾತು ಅವರ ಬಾಯಲ್ಲಿ ಸಿದ್ಧವಾಗಿರುತ್ತದೆ: ರೀಲಿಗೆ ಬ್ರೇಡ್ ಸುತ್ತಿದ ಮೇಲೆ ತುದಿಗೆ ಫ್ಲೋರೋಕಾರ್ಬನ್ ಲೀಡರ್ ಕಟ್ಟಲೇಬೇಕು, ಇಲ್ಲದಿದ್ದರೆ ಮೀನಿಗೆ ದಾರ ಕಾಣುತ್ತದೆ. ಅಂಗಡಿಯವರು ಹೇಳುವುದೂ ಇದನ್ನೇ. ಹೊಸಬರಿಗೆ ಹಳಬರು ಕಲಿಸುವುದೂ ಇದನ್ನೇ. ಲೀಡರ್ ಕಟ್ಟಬೇಕೆಂಬುದರಲ್ಲಿ ನನ್ನ ತಕರಾರಿಲ್ಲ. ತಕರಾರಿರುವುದು ಅದಕ್ಕೆ ಕೊಡುವ ಕಾರಣದಲ್ಲಿ. ಬೆಂಗಳೂರಿನ ಹೊರವಲಯದ ಕೆರೆಗಳ ಮಟ್ಟಿಗೆ ಆ ಕಾರಣ ನಿಲ್ಲುವುದಿಲ್ಲ. ಕಾರಣ ತಪ್ಪಿದ್ದರಿಂದಲೇ ಕೊಳ್ಳುವ ದಾರ ತಪ್ಪುತ್ತಿದೆ, ಅದರ ಉದ್ದ ತಪ್ಪುತ್ತಿದೆ, ಬಲದ ಲೆಕ್ಕ ತಪ್ಪುತ್ತಿದೆ. ಅದರ ಫಲ ಅನುಭವಿಸುತ್ತಿರುವುದು ನೀರುಕಾಗೆ, ಹೆಜ್ಜಾರ್ಲೆ, ಮಿಂಚುಳ್ಳಿಗಳು.

ಗಾಳದ ಒಡನಾಟ ಇಲ್ಲದವರಿಗಾಗಿ ಎರಡು ಮಾತು. ಬ್ರೇಡ್ ಎಂದರೆ ಕೂದಲಿಗಿಂತ ತೆಳುವಾದ ನೂರಾರು ಎಳೆಗಳನ್ನು ಸೇರಿಸಿ ಹೆಣೆದ ದಾರ. ಎಳೆದರೆ ಹಿಗ್ಗುವುದೇ ಇಲ್ಲ ಎನ್ನುವಷ್ಟು ಬಿಗಿ, ಅದೇ ದಪ್ಪದ ನೈಲಾನ್ ದಾರಕ್ಕಿಂತ ಎಷ್ಟೋ ಪಟ್ಟು ಬಲ. ಲೀಡರ್ ಎಂದರೆ ಆ ಬ್ರೇಡಿನ ತುದಿಗೂ ಗಾಳಕ್ಕೂ ನಡುವೆ ಗಂಟು ಹಾಕಿ ಸೇರಿಸುವ ಬೇರೆ ದಾರದ ತುಂಡು. ಒಂದೇ ಎಳೆಯ ನೈಲಾನ್ ಆಗಬಹುದು, ಫ್ಲೋರೋಕಾರ್ಬನ್ ಆಗಬಹುದು. ಫ್ಲೋರೋಕಾರ್ಬನ್ ದಾರವನ್ನು 1971ರಲ್ಲಿ ಮಾರುಕಟ್ಟೆಗೆ ತಂದದ್ದು ಜಪಾನಿನ ಕುರೇಹಾ ಕಂಪನಿ. ನೀರಿನಲ್ಲಿ ಅದು ಕಾಣುವುದಿಲ್ಲ ಎಂಬುದೇ ಅದರ ದೊಡ್ಡ ಪ್ರಚಾರ.

ದಾರ ಮೀನಿಗೆ ಕಾಣಬಾರದೆಂಬ ಚಿಂತೆ ಅದಕ್ಕಿಂತ ಬಹಳ ಹಳೆಯದು. ಇಂಗ್ಲೆಂಡಿನ ತಿಳಿ ತೊರೆಗಳಲ್ಲಿ ಟ್ರೌಟ್ ಹಿಡಿಯುತ್ತಿದ್ದವರು ದಪ್ಪ ರೇಷ್ಮೆ ದಾರದ ತುದಿಗೆ ಪಾರದರ್ಶಕವಾದ ಒಂದು ಎಳೆ ಕಟ್ಟುತ್ತಿದ್ದರು. ರೇಷ್ಮೆ ಹುಳು ಗೂಡು ಕಟ್ಟುವ ಮುಂಚೆಯೇ ಅದನ್ನು ವಿನೆಗರಿನಲ್ಲಿ ನೆನೆಸಿ, ಒಳಗಿನ ಗ್ರಂಥಿಯನ್ನು ಹೊರತೆಗೆದು ಉದ್ದಕ್ಕೆ ಎಳೆದು ಒಣಗಿಸಿದರೆ ಆ ಎಳೆ ಸಿಗುತ್ತಿತ್ತು. ಸ್ಪೇನಿನ ಮುರ್ಸಿಯಾ ಪ್ರಾಂತ್ಯದಲ್ಲಿ ಅದೊಂದು ಕಸುಬೇ ಆಗಿತ್ತು. ರಾಮನಗರ, ಶಿಡ್ಲಘಟ್ಟದ ರೇಷ್ಮೆ ಕಂಡು ಬೆಳೆದ ನಮಗೆ, ಅದೇ ಹುಳುವಿನಿಂದ ಗಾಳದ ದಾರವೂ ಬರುತ್ತಿತ್ತೆಂಬುದು ಸೋಜಿಗ. ಅಂಥ ತೊರೆಗಳಲ್ಲಿ ಆ ಎಳೆಗೆ ಅರ್ಥವಿತ್ತು. ನೀರು ಕನ್ನಡಿಯಂತಿತ್ತು, ಮೀನು ಕಣ್ಣಿನಿಂದಲೇ ಆಹಾರ ಆರಿಸಿಕೊಳ್ಳುತ್ತಿತ್ತು.

ಅದೇ ಚಿಂತೆ ಬಾಸ್ ಮೀನಿನ ಬೇಟೆಗೂ ಬಂತು. ಅಮೆರಿಕದಲ್ಲಿ ದೊಡ್ಡಬಾಯಿ ಬಾಸ್ ಎಂದರೆ ಬರಿಯ ಮೀನಲ್ಲ, ದೋಣಿ, ಕೋಲು, ರೀಲು, ಪಂದ್ಯಗಳೆಲ್ಲ ಸೇರಿದ ದೊಡ್ಡ ಉದ್ಯಮ. 1932ರಲ್ಲಿ ಜಾರ್ಜಿಯಾ ರಾಜ್ಯದಲ್ಲಿ ಜಾರ್ಜ್ ಪೆರ್ರಿ ಹಿಡಿದ ಹತ್ತು ಕಿಲೋ ಬಾಸ್‌ನ ದಾಖಲೆಗೆ ಸಮನಾದ ಮೀನು ಸಿಕ್ಕಿದ್ದು 2009ರಲ್ಲಿ, ಅದೂ ಜಪಾನಿನ ಬಿವಾ ಸರೋವರದಲ್ಲಿ, ಮನಾಬು ಕುರಿಟಾ ಅವರ ಗಾಳಕ್ಕೆ. ಜಪಾನಿಗೆ ಬಾಸ್ ಬಂದದ್ದೇ 1925ರಲ್ಲಿ. ಈ ಎರಡು ದೇಶಗಳ ತಿಳಿನೀರಿನಲ್ಲಿ, ವಾರವಾರವೂ ಗಾಳ ಕಂಡು ಪಳಗಿದ ಮೀನಿನ ಮುಂದೆ ಲೀಡರ್ ಬೇಕೋ ಬೇಡವೋ, ಎಷ್ಟು ಉದ್ದ, ಯಾವ ದಾರ ಎಂಬ ಜಿಜ್ಞಾಸೆ ನಡೆಯಿತು. ವಿಡಿಯೋಗಳ ಮೂಲಕ ನಮ್ಮಲ್ಲಿಗೆ ಬಂದದ್ದು ಆ ಜಿಜ್ಞಾಸೆಯ ಉತ್ತರ ಮಾತ್ರ. ಪ್ರಶ್ನೆ ಹುಟ್ಟಿದ ನೀರು ಬರಲಿಲ್ಲ. ನಮ್ಮ ಕೆರೆಗಳಲ್ಲಿ ಬಾಸ್ ಇಲ್ಲ. ತಂದು ಬಿಡಬೇಕೆಂದು ಬಯಸುವವರಿದ್ದರೆ ಅವರಿಗೆ ನನ್ನ ವಿರೋಧವಿದೆ. ತಿಲಾಪಿಯ ಮತ್ತು ಆಫ್ರಿಕನ್ ಕ್ಯಾಟ್‌ಫಿಷ್ ತಂದುಬಿಟ್ಟಿದ್ದರ ಫಲವನ್ನೇ ಇನ್ನೂ ಉಣ್ಣುತ್ತಿದ್ದೇವೆ.

ಬಾಸ್ ಹಿಡಿಯುವ ಸಲಕರಣೆಯನ್ನು ಇಲ್ಲಿ ನಾವು ಬಳಸುವುದು ಕೊರವನ ಮೇಲೆ. ಮುರಲ್ ಎಂದರೂ ಅದೇ ಮೀನು. ಅದು ಜೊಂಡಿನ ಅಡಿಯಲ್ಲಿ ಹೊಂಚು ಹಾಕಿ ಕಾಯುತ್ತದೆ, ಆಗಾಗ ಮೇಲೆ ಬಂದು ಗಾಳಿ ನುಂಗಿ ಹೋಗುತ್ತದೆ. ಗಾಳಿ ಉಸಿರಾಡಬಲ್ಲದ್ದರಿಂದಲೇ ಆಮ್ಲಜನಕ ಕುಸಿದ ನೀರಿನಲ್ಲೂ ಬದುಕುತ್ತದೆ. 2016ರ ಮಾರ್ಚಿನಲ್ಲಿ ಹಲಸೂರು ಕೆರೆಯಲ್ಲಿ ಸಾವಿರಾರು ಮೀನು ಸತ್ತು ತೇಲಿದ್ದನ್ನು ಊರೆಲ್ಲ ನೋಡಿತು. ಅಂಥ ನೀರಿನಲ್ಲಿ ಕಾಟ್ಲ, ರೋಹು ಬದುಕುವುದು ಕಷ್ಟ, ಕೊರವನಿಗೆ ಅಷ್ಟು ಕಷ್ಟವಲ್ಲ. ಬೆಳ್ಳಂದೂರು, ವರ್ತೂರಿನ ನೊರೆಯನ್ನೂ ಬೆಂಕಿಯನ್ನೂ ಬಿಡಿ, ಅವು ತೀರಾ ಹದಗೆಟ್ಟ ಉದಾಹರಣೆಗಳು. ಅಷ್ಟೊಂದು ಕೆಡದ ಕೆರೆಗಳ ನೀರೂ ಹಸಿರೇ. ಕೊಳಚೆಯ ಜೊತೆ ಬಂದ ಸಾರಜನಕ, ರಂಜಕ ತಿಂದು ಪಾಚಿ ಬೆಳೆದು ನೀರು ಗಟ್ಟಿಯಾಗಿರುತ್ತದೆ. ಏರಿಯ ಮೆಟ್ಟಿಲಲ್ಲಿ ಕೂತು ಮೊಣಕೈವರೆಗೆ ಕೈ ಅದ್ದಿ ನೋಡಿ, ನಿಮ್ಮ ಬೆರಳು ನಿಮಗೇ ಕಾಣುವುದಿಲ್ಲ. ಆ ನೀರಿನಲ್ಲಿ ಅರ್ಧ ಮಿಲಿಮೀಟರಿನ ದಾರವನ್ನು ಮೀನಿನಿಂದ ಬಚ್ಚಿಡಲು ನಾವು ಬ್ರೇಡಿಗಿಂತ ದುಬಾರಿಯಾದ ದಾರ ಕೊಳ್ಳುತ್ತಿದ್ದೇವೆ.

ಇನ್ನೂ ಒಂದಿದೆ. ಕೊರವನಿಗೆ ನಾವು ಎಸೆಯುವುದು ಬಹುಪಾಲು ರಬ್ಬರ್ ಕಪ್ಪೆ. ಕಪ್ಪೆ ನೀರಿನ ಮೇಲೆ, ಅಂತರಗಂಗೆಯ ಎಲೆಗಳ ಮೇಲೆ ಕುಪ್ಪಳಿಸುತ್ತಾ ಬರುತ್ತದೆ. ದಾರವೂ ಎಲೆಗಳ ಮೇಲೇ ಇರುತ್ತದೆ. ಕೊರವ ಕೆಳಗಿನಿಂದ ನೋಡುವುದು ಒಂದು ಕಪ್ಪು ಆಕಾರವನ್ನು. ಅದಕ್ಕೂ ಮೊದಲು ಮೈಯ ಪಕ್ಕದ ಗೆರೆಯ ಮೂಲಕ ನೀರಿನ ನಡುಕವನ್ನು ಅರಿತಿರುತ್ತದೆ. ಅಲ್ಲಿ ಕಾಣುವ ದಾರ, ಕಾಣದ ದಾರ ಎಂಬ ಭೇದವೇ ಹುಟ್ಟುವುದಿಲ್ಲ. ಮರಿಗಳ ಕೆಂಪು ಗುಂಪನ್ನು ಕಾಯುತ್ತಾ ನಿಂತ ತಾಯಿತಂದೆಯ ಮುಂದೆಯಂತೂ ಏನು ಎಸೆದರೂ ಹೊಡೆಯುತ್ತವೆ. ಹಾಗೆ ಹಿಡಿದ ಮೀನಿನ ಚಿತ್ರ ತೋರಿಸಿ ಲೀಡರಿನ ಮಹಿಮೆ ಹೇಳುವವರಿದ್ದಾರೆ. ಮರಿ ಕಾಯುವ ಜೋಡಿಯನ್ನು ಕೀಳುವುದು ಬೇಟೆಯೇ ಅಲ್ಲ, ಅದರಿಂದ ದಾರದ ಗುಣವೂ ಸಾಬೀತಾಗುವುದಿಲ್ಲ.

ಕಾಣದಿರುವಿಕೆಯ ವಿಜ್ಞಾನವನ್ನೂ ಒಮ್ಮೆ ನೋಡೋಣ. ಬೆಳಕನ್ನು ಬಾಗಿಸುವ ಗುಣ ನೀರಿಗೆ 1.33, ಫ್ಲೋರೋಕಾರ್ಬನ್‌ಗೆ ಸುಮಾರು 1.42, ನೈಲಾನ್‌ಗೆ 1.53ರ ಆಸುಪಾಸು. ಫ್ಲೋರೋಕಾರ್ಬನ್ ನೀರಿಗೆ ಹೆಚ್ಚು ಹತ್ತಿರ ಎಂಬುದು ನಿಜ, ನೀರೇ ಆಗಿಬಿಡುತ್ತದೆ ಎಂಬುದು ಸುಳ್ಳು. ತಿಳಿನೀರು ತುಂಬಿದ ಗಾಜಿನ ಲೋಟದಲ್ಲಿ ಎರಡನ್ನೂ ಇಳಿಬಿಟ್ಟು ಕಿಟಕಿಯ ಬೆಳಕಿಗೆ ಹಿಡಿದರೆ ಎರಡೂ ಕಾಣುತ್ತವೆ, ಒಂದು ತುಸು ಮಂಕಾಗಿ. ಅದೇ ಲೋಟಕ್ಕೆ ಕೆರೆಯ ನೀರು ತುಂಬಿದರೆ ಆ ತುಸು ವ್ಯತ್ಯಾಸವೂ ಅಳಿಸಿಹೋಗುತ್ತದೆ.

ಪ್ರಚಾರದಲ್ಲಿ ಯಾರೂ ಹೇಳದ ಗುಣಗಳ ಕಡೆಗೆ ಬರೋಣ. ಫ್ಲೋರೋಕಾರ್ಬನ್ ಎಂಬುದು ಪಿವಿಡಿಎಫ್ ಎಂಬ ಪ್ಲಾಸ್ಟಿಕ್. ವೈಟ್‌ಫೀಲ್ಡಿನ, ಎಲೆಕ್ಟ್ರಾನಿಕ್ ಸಿಟಿಯ ಕಚೇರಿ ಕಟ್ಟಡಗಳ ಹೊರಮೈಗೆ ಹೊದಿಸುವ ಅಲ್ಯೂಮಿನಿಯಂ ಹಲಗೆಗಳಲ್ಲಿ ಒಳ್ಳೆಯ ದರ್ಜೆಯವುಗಳ ಮೇಲಿನ ಲೇಪನವೂ ಇದೇ ಪಿವಿಡಿಎಫ್. ಅದನ್ನು ಅಲ್ಲಿಗೆ ಆರಿಸಿಕೊಳ್ಳುವುದಕ್ಕೆ ಕಾರಣ ಒಂದೇ: ದಶಕಗಟ್ಟಲೆ ಬಿಸಿಲು ಹೊಡೆದರೂ ಅದು ಹಾಳಾಗುವುದಿಲ್ಲ. ಕಟ್ಟಡಕ್ಕೆ ಅದು ವರ. ಜಾಲಿಮರದ ಕೊಂಬೆಗೆ ಸಿಕ್ಕಿ ಕಡಿದುಹೋದ ದಾರಕ್ಕೆ ಅದೇ ಶಾಪ. ನೈಲಾನ್ ಕೂಡ ಕೊಳೆಯುವ ವಸ್ತುವಲ್ಲ, ನಿಜ. ಆದರೆ ಬಿಸಿಲಿಗೆ ಬಿದ್ದ ನೈಲಾನ್ ಬಿರುಸಾಗುತ್ತದೆ, ಬಲ ಕಳೆದುಕೊಳ್ಳುತ್ತದೆ, ಹಕ್ಕಿಯೊಂದು ಒದ್ದಾಡಿದರೆ ತುಂಡಾಗುವ ಸಾಧ್ಯತೆಯಾದರೂ ಇದೆ. ನಾವು ಕೆರೆಯಲ್ಲಿ ಬಿಟ್ಟುಬರುವ ತುಂಡು ಯಾವುದಿರಬೇಕೆಂದು ಕೇಳಿಕೊಂಡರೆ ಪಿವಿಡಿಎಫ್ ಕೊನೆಯ ಆಯ್ಕೆಯಾಗಬೇಕು.

ತೂಕವೂ ಅದಕ್ಕೆ ವಿರುದ್ಧ. ನೀರಿನ ಸಾಂದ್ರತೆ 1 ಎಂದರೆ ಬ್ರೇಡಿನದು 0.97, ತೇಲುತ್ತದೆ. ನೈಲಾನಿನದು 1.14, ನಿಧಾನಕ್ಕೆ ಮುಳುಗುತ್ತದೆ. ಫ್ಲೋರೋಕಾರ್ಬನ್‌ನದು 1.78. ಜೊಂಡಿನ ನಡುವಿನ ತೆರಪಿನಲ್ಲಿ ಕಪ್ಪೆಯನ್ನು ನಿಲ್ಲಿಸಿದಾಗ ಉದ್ದನೆಯ ಫ್ಲೋರೋಕಾರ್ಬನ್ ಅದರ ಮೂತಿಯನ್ನು ಕೆಳಕ್ಕೆ ಎಳೆಯುತ್ತದೆ. ತಳದಲ್ಲಿ ಬೇಟೆಯಾಡುವ ಸಲಕರಣೆಗೆ ಇದು ಒಳ್ಳೆಯದೇ. ನೀರಿನ ಮೇಲಾಡುವ ಕಪ್ಪೆಗೆ ಅಲ್ಲ.

ಇನ್ನು ಬ್ರೇಡಿನ ವಿಚಾರ. ಅದರ ಎಳೆ ಅತಿ ಹೆಚ್ಚು ಅಣುತೂಕದ ಪಾಲಿಥೀನ್. ಪೀಣ್ಯದ ಯಂತ್ರಾಗಾರಗಳಲ್ಲಿ ಕೆಲಸ ಮಾಡಿದವರಿಗೆ ಇದು ಗೊತ್ತಿರುವ ವಸ್ತು. ಯುಎಚ್‌ಎಂಡಬ್ಲ್ಯು ಎಂದು ಕರೆದು, ಜಾರುಪಟ್ಟಿಗೂ ಸವೆಯಬಾರದ ಲೈನರ್‌ಗೂ ಹಲಗೆಗಟ್ಟಲೆ ಕೊಯ್ದು ಬಳಸುತ್ತಾರೆ. ಅಷ್ಟು ಸವೆತ ತಾಳುವ ವಸ್ತು ಕಲ್ಲಿಗೆ ಉಜ್ಜಿದರೆ ಯಾಕೆ ಕಡಿಯುತ್ತದೆ ಎಂದು ಅವರಲ್ಲಿ ಕೆಲವರು ಕೇಳುತ್ತಾರೆ. ಹಲಗೆಯಲ್ಲಿ ಒಂದು ಪದರ ಸವೆದರೆ ಅಡಿಯಲ್ಲಿ ಇನ್ನೊಂದು ಪದರ ಇರುತ್ತದೆ. ದಾರದಲ್ಲಿ ಪ್ರತಿಯೊಂದು ಎಳೆಯೂ ಕಣ್ಣಿಗೆ ಕಾಣದಷ್ಟು ತೆಳು. ಗ್ರಾನೈಟಿನ ಒಂದು ಹರಿತ ಅಂಚು ಎಳೆಗಳನ್ನು ಒಂದೊಂದಾಗಿ ಕೊಯ್ಯುತ್ತದೆ, ಬಿಗಿಯಾಗಿ ಎಳೆದಿದ್ದಾಗ ಇನ್ನೂ ಬೇಗ. ಒಂದೇ ದಪ್ಪ ಎಳೆಯ ನೈಲಾನ್ ಅದೇ ಅಂಚಿನ ಮೇಲೆ ಗೀರು ಬಿದ್ದೂ ತಡೆದು ನಿಲ್ಲುತ್ತದೆ. 50 ಪೌಂಡಿನ ಬ್ರೇಡಿಗಿಂತ 30 ಪೌಂಡಿನ ನೈಲಾನ್ ದಪ್ಪವಾಗಿರುತ್ತದೆ ಎಂಬುದನ್ನು ನೆನಪಿಡಿ. ಬಲ ಕಡಿಮೆ, ಮೈ ಹೆಚ್ಚು. ಕೊರವನ ಹಲ್ಲಿಗೂ ಅದೇ ಮೈ ಉತ್ತರ.

ನಮ್ಮ ಕೆರೆಗಳಲ್ಲಿ ಕಲ್ಲಿಗೇನು ಕೊರತೆ? ಏರಿಯ ಒಳಮೈಗೆ ಹಾಸಿದ ಕಲ್ಲು, ತೂಬಿನ ಕಟ್ಟೆ, ಕೋಡಿಯ ಅಂಚು, ಅದರ ಮೇಲೆ ನಗರ ಬೆಳೆಯುತ್ತಾ ತಂದು ಸುರಿದ ಕಟ್ಟಡದ ಅವಶೇಷ, ಕಬ್ಬಿಣದ ಸರಳು ಚಾಚಿದ ಕಾಂಕ್ರೀಟು. ಬ್ರೇಡ್ ಸವೆಯುವುದು ಕೊನೆಯ ಕೆಲವು ಅಡಿಗಳಲ್ಲೇ. ಒಂದು ಬೆಳಗಿನ ಬೇಟೆ ಮುಗಿದ ಮೇಲೆ ತುದಿಯನ್ನು ಹೆಬ್ಬೆರಳಿನ ಉಗುರಿನ ಮೇಲೆ ಮೆಲ್ಲಗೆ ಎಳೆದು ನೋಡಿ. ಹೊಸ ದಾರ ನುಣ್ಣಗೆ ಜಾರುತ್ತದೆ. ಸವೆದದ್ದು ಉಗುರಿಗೆ ತಡೆತಡೆದು ಬರುತ್ತದೆ, ಬೆಳಕಿಗೆ ಹಿಡಿದರೆ ಮೈಯೆಲ್ಲ ನವಿರಾದ ತುಪ್ಪಳು ಎದ್ದಿರುತ್ತದೆ. ಆ ತುಪ್ಪಳು ಎದ್ದ ಜಾಗ ಅರ್ಧ ಬಲವನ್ನೂ ಉಳಿಸಿಕೊಂಡಿರುವ ಭರವಸೆಯಿಲ್ಲ. ಲೀಡರ್ ಬೇಕೆನ್ನುವುದಕ್ಕೆ ಮೊದಲ ಒಳ್ಳೆಯ ಕಾರಣ ಇದು. ಎರಡನೆಯದು ಇದಕ್ಕಿಂತ ದೊಡ್ಡದು, ಅದನ್ನು ಯಾರೂ ಹೇಳುವುದನ್ನು ನಾನು ಕೇಳಿಲ್ಲ.

ಗಾಳ ಸಿಕ್ಕಿಕೊಂಡಿತು ಎಂದುಕೊಳ್ಳಿ. ಮೂವತ್ತು ಮೀಟರ್ ದೂರದಲ್ಲಿ, ಜೊಂಡಿನ ಬುಡದಲ್ಲಿ ಮುಳುಗಿದ ಕೊರಡಿಗೆ ಕಪ್ಪೆಯ ಎರಡು ಕೊಕ್ಕೆಗಳೂ ನೆಟ್ಟಿವೆ. ರೀಲಿನಿಂದ ಗಾಳದವರೆಗೂ 50 ಪೌಂಡಿನ ಬ್ರೇಡ್, ಅಂದರೆ ಇಪ್ಪತ್ತೆರಡು ಕಿಲೋ ಮೀರಿದ ಬಲ. ಕೋಲು ಬಾಗಿಸಿ ಎಳೆದರೆ ಕೋಲು ಮುರಿದೀತು, ದಾರ ಕಡಿಯದು. ದಾರವನ್ನು ಕೈಗೆ ಸುತ್ತಿ ಎಳೆದರೆ ಅಂಗೈ ಕೊಯ್ಯುತ್ತದೆ. ಬ್ರೇಡ್ ಕೊಯ್ದ ಗಾಯ ಬ್ಲೇಡಿನ ಗಾಯದಷ್ಟೇ ನೇರ. ಈಗ ಆಗುವುದೇನು? ಬಹುಪಾಲು ಜನ ಜೇಬಿನಿಂದ ಕತ್ತರಿ ತೆಗೆಯುತ್ತಾರೆ, ಕೋಲಿನ ತುದಿಯ ಬಳಿ ಕತ್ತರಿಸುತ್ತಾರೆ. ಮೂವತ್ತು ಮೀಟರ್ ಬ್ರೇಡ್ ಕೆರೆಯ ಪಾಲು. ಅದು ತೇಲುವ ದಾರ. ತಳಕ್ಕೆ ಇಳಿದು ಹೂಳಿನಲ್ಲಿ ಹೂತುಹೋಗುವುದಿಲ್ಲ, ನೀರಿನ ಮೇಲ್ಪದರದಲ್ಲಿ, ಜೊಂಡಿನ ಎಲೆಗಳ ನಡುವೆ ಬಲೆಯಂತೆ ಹರಡಿಕೊಂಡಿರುತ್ತದೆ. ನೀರುಕಾಗೆ ಮುಳುಗಿ ಏಳುವುದು, ಗುಳುಮುಳುಕ ಗೂಡು ಕಟ್ಟುವುದು, ನಾಮದ ಕೋಳಿ ಮರಿಗಳೊಂದಿಗೆ ಓಡಾಡುವುದು ಅದೇ ಪದರದಲ್ಲಿ. ಕಾಲಿಗೆ ಒಮ್ಮೆ ಸುತ್ತಿದ ಬ್ರೇಡ್ ಹಕ್ಕಿ ಎಳೆದಷ್ಟೂ ಬಿಗಿಯುತ್ತದೆ, ಕಡಿಯುವ ಮಾತೇ ಇಲ್ಲ.

ಗಾಳಿಪಟದ ನೈಲಾನ್ ಮಾಂಜಾ ಹಕ್ಕಿಗಳ ರೆಕ್ಕೆ ಕೊಯ್ಯುತ್ತದೆಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2017ರಲ್ಲಿ ದೇಶದಾದ್ಯಂತ ಅದನ್ನು ನಿಷೇಧಿಸಿತು. ಆ ನಿಷೇಧವನ್ನು ಗಾಳ ಹಾಕುವವರೂ ಮೆಚ್ಚಿದರು. ಅದೇ ಹಕ್ಕಿಗಳ ಊಟದ ತಟ್ಟೆಯಲ್ಲಿ ಅದಕ್ಕಿಂತ ಗಟ್ಟಿಯಾದ ದಾರವನ್ನು ನಾವು ಬಿಟ್ಟುಬರುತ್ತಿದ್ದೇವೆ. ನಮ್ಮ ದಾರಕ್ಕೂ ಒಂದು ದಿನ ಅದೇ ಗತಿ ಬರಬಾರದೆಂದರೆ ನಾವೇ ಮೊದಲು ಕಡಿವಾಣ ಹಾಕಿಕೊಳ್ಳಬೇಕು.

ಈಗ ಅದೇ ಸನ್ನಿವೇಶದಲ್ಲಿ ಬ್ರೇಡಿನ ತುದಿಗೆ 25 ಅಥವಾ 30 ಪೌಂಡಿನ ನೈಲಾನ್ ಲೀಡರ್ ಒಂದೂವರೆ ಅಡಿ ಇದೆಯೆನ್ನಿ. ಕೋಲನ್ನು ಕೆಳಗಿಟ್ಟು, ಬ್ರೇಡನ್ನು ಒಂದು ಮರದ ತುಂಡಿಗೆ ನಾಲ್ಕಾರು ಸುತ್ತು ಸುತ್ತಿ, ಮುಖ ತಿರುಗಿಸಿ ನೇರ ಹಿಂದಕ್ಕೆ ನಡೆದರೆ ಸಾಕು. ಹತ್ತು ಹನ್ನೆರಡು ಕಿಲೋ ಎಳೆತಕ್ಕೆ ಲೀಡರ್ ಗಾಳದ ಗಂಟಿನಲ್ಲಿ ಕಡಿಯುತ್ತದೆ. ಮೂವತ್ತು ಮೀಟರ್ ಬ್ರೇಡ್ ಪೂರ್ತಿ ವಾಪಸು ಬರುತ್ತದೆ. ಕೆರೆಗೆ ಹೋದದ್ದು ಒಂದು ಕಪ್ಪೆ ಮತ್ತು ಗಂಟಿನ ತುಣುಕು. ಕೊಕ್ಕೆಯ ಅಪಾಯ ಉಳಿಯಿತು, ಒಪ್ಪುತ್ತೇನೆ. ಆದರೆ ಬಲೆ ಉಳಿಯಲಿಲ್ಲ. ಲೀಡರಿನ ನಿಜವಾದ ಕೆಲಸ ಇದು: ಎಲ್ಲಿ ಕಡಿಯಬೇಕು ಎಂಬುದನ್ನು ನಾವು ಮೊದಲೇ ತೀರ್ಮಾನಿಸುವುದು.

ಈ ಕೆಲಸ ಒಪ್ಪಿಕೊಂಡರೆ ಉಳಿದ ಆಯ್ಕೆಗಳೆಲ್ಲ ಬದಲಾಗುತ್ತವೆ. ಲೀಡರ್ ಬ್ರೇಡಿಗಿಂತ ಸ್ಪಷ್ಟವಾಗಿ ದುರ್ಬಲವಾಗಿರಬೇಕು, ಅರ್ಧದಿಂದ ಮೂರನೇ ಎರಡರಷ್ಟು. ಹುಲ್ಲಿನಲ್ಲಿ ಬೇಟೆಯಾಡುವಾಗ 50 ಪೌಂಡಿನ ಬ್ರೇಡಿಗೆ 50 ಅಥವಾ 60 ಪೌಂಡಿನ ಫ್ಲೋರೋಕಾರ್ಬನ್ ಕಟ್ಟುವ ಪದ್ಧತಿ ಇದೆಯಲ್ಲ, ಅದು ಲೀಡರಿನ ಪ್ರಯೋಜನವನ್ನೇ ಕಿತ್ತುಹಾಕುತ್ತದೆ. ಅಲ್ಲಿ ಕಡಿದರೆ ಎಲ್ಲೋ ಸವೆದ ಬ್ರೇಡ್ ನಡುವಿನಲ್ಲಿ ಕಡಿಯುತ್ತದೆ, ಕಡಿಯದಿದ್ದರೆ ಕತ್ತರಿ ಬರುತ್ತದೆ. ಡಬ್ಬಿಯ ಮೇಲೆ ಅಚ್ಚಾದ ಪೌಂಡನ್ನು ನಂಬುವಂತೆಯೂ ಇಲ್ಲ. ಎಷ್ಟೋ ಬ್ರೇಡುಗಳು ಹೇಳಿದ್ದಕ್ಕಿಂತ ಹೆಚ್ಚು ತಾಳುತ್ತವೆ, ಅಗ್ಗದವು ಕಡಿಮೆ. ಲಗೇಜ್ ತೂಗುವ ಡಿಜಿಟಲ್ ತಕ್ಕಡಿ ಮನೆಯಲ್ಲಿದ್ದರೆ ಗೇಟಿಗೆ ಬ್ರೇಡ್ ಕಟ್ಟಿ, ಲೀಡರ್ ಸೇರಿಸಿ, ಗಾಳ ಕಟ್ಟಿ, ತಕ್ಕಡಿಯ ಕೊಕ್ಕೆಯಿಂದ ಎಳೆದು ನೋಡಬೇಕು. ಕಣ್ಣಿಗೆ ಕನ್ನಡಕ ಇರಲಿ. ಪ್ರತಿ ಬಾರಿಯೂ ಗಾಳದ ಗಂಟಿನಲ್ಲೇ ಕಡಿಯಬೇಕು. ಬ್ರೇಡ್ ಮತ್ತು ಲೀಡರ್ ಸೇರುವ ಗಂಟಿನಲ್ಲಿ ಕಡಿದರೆ ಗಂಟು ಸರಿಯಿಲ್ಲ.

ಗಂಟಿನ ಬಗ್ಗೆಯೂ ಇದೇ ಮಾತು. ಎಫ್‌ಜಿ ಗಂಟನ್ನು ಎಲ್ಲರೂ ಹೊಗಳುವುದು ಅದು ತೆಳುವಾಗಿದ್ದು ಕೋಲಿನ ಉಂಗುರಗಳಲ್ಲಿ ಸರಾಗವಾಗಿ ಹಾಯುತ್ತದೆಂದು. ನಾನು ಅದನ್ನು ಒಪ್ಪುವುದು ಬೇರೆ ಕಾರಣಕ್ಕೆ. ಅದರಲ್ಲಿ ಲೀಡರ್ ಬಾಗುವುದೇ ಇಲ್ಲ. ನೆಟ್ಟಗೆ ಬಿಗಿದು ಹಿಡಿದ ಲೀಡರಿನ ಮೇಲೆ ಬ್ರೇಡನ್ನು ಒಮ್ಮೆ ಮೇಲಿನಿಂದ ಒಮ್ಮೆ ಕೆಳಗಿನಿಂದ ಇಪ್ಪತ್ತರಷ್ಟು ಬಾರಿ ಹೆಣೆದು, ಒದ್ದೆ ಮಾಡಿ, ಎರಡೂ ಕಡೆ ಬಲವಾಗಿ ಎಳೆದಾಗ ಬ್ರೇಡಿನ ಹೆಣಿಗೆ ಲೀಡರಿನ ಮೈಯನ್ನು ಕಚ್ಚಿಕೊಳ್ಳುತ್ತದೆ, ಬಣ್ಣ ತುಸು ಗಾಢವಾಗುತ್ತದೆ. ಆ ಬಣ್ಣದ ಬದಲಾವಣೆ ಕಾಣುವ ತನಕ ಗಂಟು ಮುಗಿದಿಲ್ಲ. ಲೀಡರ್ ಬಾಗದ್ದರಿಂದ ಅದರ ಬಲ ಅಲ್ಲಿ ಕುಗ್ಗುವುದಿಲ್ಲ, ಕಡಿಯುವ ಸರದಿ ಗಾಳದ ಗಂಟಿಗೇ ಹೋಗುತ್ತದೆ. ಎರಡು ದಾರಗಳನ್ನು ಸುತ್ತಿ ಸೇರಿಸುವ ಯೂನಿ ಗಂಟು ಕಲಿಯಲು ಸುಲಭ, ಆದರೆ ಉಬ್ಬಿಕೊಂಡು ಜೊಂಡಿನ ಚೂರುಗಳನ್ನೆಲ್ಲ ಹೊತ್ತು ತರುತ್ತದೆ. ಇನ್ನು ಉದ್ದ: ಒಂದೂವರೆ ಅಡಿ ಎಂದದ್ದು ಸುಮ್ಮನೆ ಅಲ್ಲ. ಎಸೆಯುವಾಗ ಕಪ್ಪೆ ಕೋಲಿನ ತುದಿಯಿಂದ ಅಷ್ಟು ಕೆಳಗೆ ನೇತಾಡುತ್ತದೆ, ಹಾಗಾಗಿ ಗಂಟು ಉಂಗುರದೊಳಗೆ ಹೋಗುವುದೇ ಇಲ್ಲ. ಜೊಂಡನ್ನು ಕೊಯ್ದುಕೊಂಡು ಬರುವ ಕೆಲಸವನ್ನು ಅದರ ಹಿಂದಿನ ತೆಳುವಾದ ಬ್ರೇಡ್ ಮಾಡುತ್ತದೆ.

ಎಲ್ಲ ನೀರಿಗೂ ಒಂದೇ ಅಳತೆ ಎನ್ನುತ್ತಿಲ್ಲ. ಆನೇಕಲ್, ಜಿಗಣಿ ಕಡೆಯ ಪಾಳುಬಿದ್ದ ಕಲ್ಲು ಕ್ವಾರಿಗಳಲ್ಲಿ ನೀರು ತಿಳಿಯಾಗಿ, ಆಳವಾಗಿ ನಿಂತಿರುತ್ತದೆ, ಸುತ್ತ ಡ್ರಿಲ್ ಮಾಡಿ ಒಡೆದ ಗ್ರಾನೈಟಿನ ಅಂಚುಗಳು. ಅಲ್ಲಿ ಲೀಡರ್ ಒಂದೂವರೆ ಅಡಿ ಸಾಲದು, ಒಂದು ಮಾರು ಬೇಕು, ಫ್ಲೋರೋಕಾರ್ಬನ್‌ಗೂ ಅಲ್ಲಿ ವಾದವಿದೆ. (ಕ್ವಾರಿಯ ನೀರಿಗೆ ಗಾಳ ಬಿಡಿಸಲೆಂದು ಯಾರೂ ಇಳಿಯಬಾರದು, ಈಜು ಎಷ್ಟೇ ಬಂದರೂ. ಅಂಚಿನಿಂದ ಒಂದು ಹೆಜ್ಜೆಗೆ ಆಳ ಸಿಗುತ್ತದೆ.) ಕಾವೇರಿಯದು ಮತ್ತೂ ಬೇರೆ ಮಾತು. ಭೀಮೇಶ್ವರಿ, ಗಾಲಿಬೋರೆಯ ಬಂಡೆಗಳ ನಡುವೆ ರಾಗಿ ಹಿಟ್ಟಿನ ಮುದ್ದೆ ಕಟ್ಟಿ ಮಹಸೀರ್ ಹಿಡಿದು ಬಿಡುತ್ತಿದ್ದ ಕಾಲದಲ್ಲಿ, ಬಂಡೆಯ ಉಜ್ಜಾಟ ತಾಳುವ ದಪ್ಪ ನೈಲಾನೇ ಎಲ್ಲರ ನಂಬಿಕೆಯ ದಾರವಾಗಿತ್ತು. 1946ರಲ್ಲಿ ಮೈಸೂರಿನ ಡಿ ವೆಟ್ ವ್ಯಾನ್ ಇಂಗೆನ್ ಕಬಿನಿಯಲ್ಲಿ 120 ಪೌಂಡಿನ ಮಹಸೀರ್ ಹಿಡಿದಾಗ ಇಂದಿನ ಪಾಲಿಥೀನ್ ಬ್ರೇಡ್ ಹುಟ್ಟಿರಲೇ ಇಲ್ಲ. ಕಾವೇರಿಯ ಗೂನುಬೆನ್ನಿನ ಮಹಸೀರ್ ಈಗ ಅಳಿವಿನ ಅಂಚಿನಲ್ಲಿದೆ. ಅಲ್ಲಿನ ವನ್ಯಧಾಮದೊಳಗೆ ಗಾಳ ನಿಂತಿದೆ, ನಿಂತಿರುವುದೇ ಸರಿ.

ನನ್ನ ವಾದಕ್ಕೆ ಎದುರಾಗುವವರು ಎರಡು ಕಡೆಯಿಂದ ಬರುತ್ತಾರೆ. ಒಂದು ಕಡೆ, ಲೀಡರ್ ಎಂಬುದೇ ಶೋಕಿ ಎನ್ನುವವರು. ಏರಿಯ ಮೇಲೆ ಬಿದಿರಿನ ಕೋಲು, ಬೆಂಡು, ಎರೆಹುಳು ಇಟ್ಟುಕೊಂಡು ಕೂರುವ ಊರಿನ ಹಿರಿಯರು. ಭಾನುವಾರ ಕೈದಾರ ಬೀಸುವ ಬಂಗಾಳದ, ಅಸ್ಸಾಮಿನ, ಒಡಿಶಾದ ಕಾರ್ಮಿಕರು. ಅವರು ಹೇಳುವುದು ಅವರ ಸಲಕರಣೆಯ ಮಟ್ಟಿಗೆ ಪೂರ್ತಿ ನಿಜ. ಅವರ ದಾರ ಮೊದಲಿನಿಂದ ಕೊನೆಯವರೆಗೂ ತೆಳುವಾದ ನೈಲಾನ್, ಕೈಯಿಂದ ಎಳೆದರೆ ಗಾಳದ ಬಳಿಯೇ ಕಡಿಯುತ್ತದೆ. ಸಮಸ್ಯೆ ತಂದದ್ದು ಬ್ರೇಡ್, ಹಾಗಾಗಿ ಪರಿಹಾರವೂ ಬ್ರೇಡ್ ಹಾಕಿದವರ ಹೊಣೆ. ಆದರೆ ಕೊರವನ ಬೇಟೆಯಲ್ಲಿ ಪಳಗಿದ ಕೆಲವರು ಬ್ರೇಡನ್ನೇ ನೇರವಾಗಿ ಕಪ್ಪೆಗೆ ಕಟ್ಟುತ್ತಾರೆ, ಮೀನು ಹಿಡಿಯುವ ದೃಷ್ಟಿಯಿಂದ ಅವರು ಹೇಳುವುದೂ ಸರಿ: ಲೀಡರ್ ಇಲ್ಲದೆಯೂ ಕೊರವ ಹೊಡೆಯುತ್ತದೆ, ಒಂದು ಗಂಟು ಕಡಿಮೆಯಾದರೆ ಒಂದು ಚಿಂತೆ ಕಡಿಮೆ. ಅವರ ಲೆಕ್ಕದಲ್ಲಿ ಮೀನಿದೆ, ಕಳೆದುಹೋದ ದಾರ ಇಲ್ಲ.

ಇನ್ನೊಂದು ಕಡೆಯಿಂದ ಬರುವ ಮಾತು: ಕೆರೆಯ ಮೀನುಗಾರಿಕೆಯ ಗುತ್ತಿಗೆದಾರರ ಬಲೆಗಳ ಮುಂದೆ ನಮ್ಮ ನಾಲ್ಕು ಮೀಟರ್ ದಾರ ಯಾವ ಲೆಕ್ಕ? ಹಳೆಯ ಬಲೆಯ ರಾಶಿಗಳು ಏರಿಯ ಮೇಲೆ ಬಿದ್ದಿರುವುದನ್ನು ನಾನೂ ಕಂಡಿದ್ದೇನೆ, ಅದರ ವಿರುದ್ಧ ಮಾತಾಡಲೇಬೇಕು. ಆದರೂ ಬಲೆ ಒಬ್ಬನ ಅನ್ನ. ಹರಿದರೆ ಹೊಲಿಯುತ್ತಾನೆ, ಸಿಕ್ಕಿಕೊಂಡರೆ ತೆಪ್ಪದಲ್ಲಿ ಹೋಗಿ ಬಿಡಿಸಿಕೊಂಡು ಬರುತ್ತಾನೆ. ನಮ್ಮದು ಬಿಡುವಿನ ಸಂತೋಷ, ಎಷ್ಟೋ ಸಲ ಅವನು ಹಣ ಕಟ್ಟಿ ಪಡೆದ ಕೆರೆಯಲ್ಲಿ ಅವನ ಅನುಮತಿಯ ಮೇಲೆ ನಡೆಯುವಂಥದ್ದು. ಗಾಳ ನಿಷೇಧ ಎಂಬ ಫಲಕ ಒಂದೊಂದೇ ಕೆರೆಯ ಬೇಲಿಗೆ ಬರುತ್ತಿರುವಾಗ, ಬೆಳಗಿನ ನಡಿಗೆಗೆ ಬಂದವರ ಕಣ್ಣಿಗೆ ಬೀಳುವುದು ಕಾಲಿಗೆ ದಾರ ಸುತ್ತಿಕೊಂಡ ಹಕ್ಕಿ. ಆ ಹಕ್ಕಿಯ ಕಾಲಿನಲ್ಲಿರುವುದು ಬಣ್ಣದ ಬ್ರೇಡ್ ಆಗಿದ್ದರೆ ಅದು ಯಾರದೆಂದು ಯಾರಿಗೂ ಅನುಮಾನ ಇರುವುದಿಲ್ಲ.

ಕಡೆಗೆ ಎಲ್ಲರೂ ಎತ್ತುವ ಆಕ್ಷೇಪ ಒಂದೇ: ಲೀಡರ್ ದುರ್ಬಲವಾದರೆ ದೊಡ್ಡ ಮೀನು ಕಡಿದುಕೊಂಡು ಹೋಗುತ್ತದೆ. ಇದನ್ನು ಮನೆಯ ಅಂಗಳದಲ್ಲೇ ಪರೀಕ್ಷಿಸಬಹುದು. ಎರಡು ಲೀಟರಿನ ಬಾಟಲಿಗೆ ನೀರು ತುಂಬಿ ದಾರದ ತುದಿಗೆ ಕಟ್ಟಿ, ಕೋಲನ್ನು ಮೀನು ಆಡಿಸುವ ಭಂಗಿಯಲ್ಲಿ ಹಿಡಿದು, ಬಾಟಲಿಯನ್ನು ನೆಲದಿಂದ ಎತ್ತಲು ನೋಡಿ. ಎರಡೇ ಕಿಲೋಗೆ ಕೋಲು ಎಷ್ಟು ಬಾಗುತ್ತದೆ, ಮುಂಗೈ ಎಷ್ಟು ಬೇಗ ಸೋಲುತ್ತದೆ ಎಂಬುದು ತಿಳಿಯುತ್ತದೆ. ಎಷ್ಟು ಎಳೆತಕ್ಕೆ ದಾರ ಜಾರಬೇಕೆಂದು ನಿಯಂತ್ರಿಸುವ ರೀಲಿನ ಡ್ರ್ಯಾಗನ್ನು ನಾವು ಬಿಗಿ ಮಾಡುವುದೂ ಸಾಮಾನ್ಯವಾಗಿ ಮೂರು ನಾಲ್ಕು ಕಿಲೋಗೆ. ಕೊರವ ಎಷ್ಟೇ ದೊಡ್ಡದಿರಲಿ, ಜೊಂಡನ್ನು ಮೈಗೆ ಸುತ್ತಿಕೊಂಡೇ ಬರಲಿ, ದಾರದ ಮೇಲೆ ಬೀಳುವ ಭಾರ ಆ ಕೋಲು, ಆ ರೀಲು, ಆ ಮುಂಗೈ ತಾಳುವಷ್ಟೇ. ಹನ್ನೆರಡು ಕಿಲೋ ತಾಳುವ ಹೊಸ ಲೀಡರನ್ನು ಗೀರು ಕಂಡಾಗಲೆಲ್ಲ ಕತ್ತರಿಸಿ ಕಟ್ಟಿಕೊಳ್ಳುವವರ ಕೈಯಿಂದ ಮೀನು ತಪ್ಪಿದರೆ ಅದು ದಾರ ಸಾಲದೆ ಅಲ್ಲ. ಕತ್ತರಿಸಿದ ತುಂಡುಗಳನ್ನು ಒಂದು ಹಳೆಯ ಮಾತ್ರೆ ಡಬ್ಬಿಗೆ ಹಾಕಿಕೊಂಡು ಮನೆಗೆ ತನ್ನಿ, ಅಂಗುಲಕ್ಕಿಂತ ಚಿಕ್ಕದಾಗಿ ಕತ್ತರಿಸಿ ಕಸಕ್ಕೆ ಹಾಕಿ. ಅಂಗಡಿಯವರಿಗೆ ನನ್ನ ಬೇಡಿಕೆ ಒಂದೇ: ಬ್ರೇಡ್ ಸುತ್ತಿಕೊಡುವಾಗ ಅದರ ಅರ್ಧ ಬಲದ ನೈಲಾನ್ ಸುರುಳಿಯೊಂದನ್ನು ಜೊತೆಗೇ ಇಡಿ, ಯಾವ ಕೆರೆಗೆ ಹೋಗುತ್ತೀರಿ ಎಂದು ಕೇಳಿ, ಸಿಕ್ಕಿಕೊಂಡರೆ ಹೇಗೆ ಎಳೆದು ಕಡಿಯಬೇಕೆಂದು ಕೌಂಟರಿನಲ್ಲೇ ತೋರಿಸಿಕೊಡಿ.